ಬೈಯುವ ಮೊದಲು ಗಡಿಯಾರ ನೋಡಿ: ಹುರುಳಿ ಬಂದ ಮೇಲಿನ ಆರು ತಿಂಗಳು

ಹುರುಳಿ ನಮ್ಮ ಮನೆಗೆ ಬಂದದ್ದು ಜೂನ್ ಕೊನೆಯ ವಾರ. ಶಿವಮೊಗ್ಗದಲ್ಲಿ ಮಳೆ ಹಿಡಿದು ಕೂತಿತ್ತು. ನಮ್ಮ ಬೀದಿ ಕೊನೆಯಲ್ಲಿ ಮನೆ ಕಟ್ಟುತ್ತಿದ್ದ ಕಡೆ ಜಲ್ಲಿ ರಾಶಿ ಪಕ್ಕ ಒಂದು ಬೀದಿ ನಾಯಿ ನಾಲ್ಕು ಮರಿ ಹಾಕಿತ್ತು, ಮೂರನ್ನು ಯಾರ್ಯಾರೋ ಎತ್ತಿಕೊಂಡು ಹೋದರು, ಉಳಿದದ್ದು ಇವಳೊಬ್ಬಳೇ. ಮೈಯೆಲ್ಲಾ ಹುರುಳಿಕಾಳಿನ ಬಣ್ಣ. ಹೆಸರಿಟ್ಟದ್ದು ನಮ್ಮ ಅತ್ತೆ. ಆಗ ಅವಳಿಗೆ ಎಂಟು ವಾರ ಇರಬಹುದು ಎಂದು ಡಾಕ್ಟರ್ ಹಲ್ಲು ನೋಡಿ ಹೇಳಿದರು.

ನಾನು ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ. ಇಡೀ ದಿನ ಮನೆಯಲ್ಲಿ ಇರುತ್ತೇನಲ್ಲ, ಒಂದು ಮರಿ ನೋಡಿಕೊಳ್ಳುವುದು ಏನು ಮಹಾ ಅಂದುಕೊಂಡಿದ್ದೆ. ಹನ್ನೊಂದನೇ ದಿನ ಮಧ್ಯರಾತ್ರಿ ಕೈಯಲ್ಲಿ ಒರೆಸುವ ಬಟ್ಟೆ ಹಿಡಿದುಕೊಂಡು ಹಾಲ್‌ನಲ್ಲಿ ಕೂತು ಅತ್ತುಬಿಟ್ಟೆ. "ರೀ, ನನ್ನ ಕೈಲಿ ಆಗಲ್ಲ, ಯಾರಿಗಾದ್ರೂ ಕೊಟ್ಟುಬಿಡೋಣ" ಎಂದೆ. ಮೂರು ರಾತ್ರಿಯಿಂದ ನಿದ್ದೆ ಇರಲಿಲ್ಲ, ಮಗನ ಕೈಮೇಲೆ ಗೀರು, ದೇವರ ಮನೆ ಹೊಸಿಲಲ್ಲಿ ಉಚ್ಚೆ. ಮರಿ ತಂದ ಹೊಸದರಲ್ಲಿ ಹೀಗೆ ಅನ್ನಿಸಿದರೆ ನಿಮಗೆ ಪ್ರೀತಿ ಇಲ್ಲ ಅಂತಲ್ಲ. ನಿದ್ದೆ ಇಲ್ಲ ಅಂತ ಅಷ್ಟೇ. ನನಗೂ ಹಾಗೇ ಆಗಿತ್ತು, ಯಾರೂ ಮೊದಲೇ ಹೇಳಿರಲಿಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಉಚ್ಚೆಯ ವಿಷಯ, ಎಲ್ಲರನ್ನೂ ಸುಸ್ತು ಮಾಡುವುದು ಅದೇ. ಪಕ್ಕದ ಮನೆಯವರು, "ಮಾಡಿದ ಜಾಗಕ್ಕೆ ಮೂಗು ಒರೆಸಿ ಎರಡು ಬಿಡಿ, ತಾನಾಗೇ ಬುದ್ಧಿ ಬರತ್ತೆ" ಎಂದರು. ಹೊಡೆಯಲು ಮನಸ್ಸು ಬರಲಿಲ್ಲ, ಆದರೆ ಒಂದು ಸಲ ಮೂಗು ತೋರಿಸಿ ಜೋರಾಗಿ ಗದರಿದೆ. ಆದದ್ದೇನು ಗೊತ್ತಾ? ಅವಳು ಉಚ್ಚೆ ನಿಲ್ಲಿಸಲಿಲ್ಲ, ನನ್ನ ಎದುರಿಗೆ ಮಾಡುವುದನ್ನು ನಿಲ್ಲಿಸಿದಳು. ಹೊಲಿಗೆ ಮೆಷಿನ್ ಹಿಂದೆ, ಮಂಚದ ಕೆಳಗೆ, ಅಕ್ಕಿ ಚೀಲದ ಸಂದಿಯಲ್ಲಿ ಹೋಗಿ ಮಾಡತೊಡಗಿದಳು. ಅಂಗಳಕ್ಕೆ ಕರೆದುಕೊಂಡು ಹೋದರೂ ನಾನು ಪಕ್ಕದಲ್ಲಿದ್ದರೆ ಮಾಡುತ್ತಲೇ ಇರಲಿಲ್ಲ. ಆ ಒಂದು ಗದರಿಕೆಯನ್ನು ಮರೆಸಲು ನನಗೆ ಒಂದು ವಾರ ಬೇಕಾಯಿತು.

ದಾರಿ ಸಿಕ್ಕಿದ್ದು ಅಡುಗೆಮನೆ ಗೋಡೆಯಲ್ಲಿ. ಅಲ್ಲಿ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್ ಇದೆ, ಒಂದೊಂದು ತಾರೀಖಿನ ಚೌಕದಲ್ಲಿ ಅರ್ಧ ಲೀಟರ್, ಒಂದು ಲೀಟರ್ ಅಂತ. ಅದೇ ಚೌಕದ ಕೆಳಗೆ ಪೆನ್ಸಿಲ್‌ನಲ್ಲಿ ಸಣ್ಣದಾಗಿ ಬರೆಯತೊಡಗಿದೆ: ಉಚ್ಚೆಗೆ ಉ, ಕಕ್ಕಕ್ಕೆ ಕ, ಊಟಕ್ಕೆ ಒಂದು ಚುಕ್ಕಿ, ನಿದ್ದೆಗೆ ಒಂದು ಗೆರೆ, ಪಕ್ಕದಲ್ಲಿ ಗಂಟೆ. ಐದು ದಿನ ಬರೆದೆ. ಆರನೇ ದಿನ ಕಾಫಿ ಕುಡಿಯುತ್ತಾ ಅದರ ಮುಂದೆ ನಿಂತು ನೋಡಿದರೆ ಎಲ್ಲಾ ಅಲ್ಲೇ ಇತ್ತು. ನಿದ್ದೆಯಿಂದ ಎದ್ದ ಕೂಡಲೇ ಉ. ಊಟ ಆಗಿ ಹತ್ತು-ಹದಿನೈದು ನಿಮಿಷಕ್ಕೆ ಉ, ಬಹಳ ಸಲ ಕ. ಜೋರಾಗಿ ಆಡಿದ ಮಧ್ಯೆ ಒಂದು ಉ. ಇದನ್ನೆಲ್ಲ ಬಿಟ್ಟರೂ ಎರಡು ಗಂಟೆಗೊಂದು ಸಲ. ಅವಳು ತಪ್ಪು ಮಾಡುತ್ತಿರಲಿಲ್ಲ, ನಾನು ತಡವಾಗಿ ಕರೆದುಕೊಂಡು ಹೋಗುತ್ತಿದ್ದೆ. ಎರಡು ತಿಂಗಳ ಮರಿಗೆ ತಡೆದುಕೊಳ್ಳುವ ಶಕ್ತಿಯೇ ಅಷ್ಟು, ಹಗಲು ಹೊತ್ತಿನಲ್ಲಿ ಹೆಚ್ಚೆಂದರೆ ಎರಡು-ಮೂರು ಗಂಟೆ.

ಆಮೇಲೆ ಮಾಡಿದ್ದು ಇಷ್ಟೇ: ಕಣ್ಣು ಬಿಟ್ಟ ಕೂಡಲೇ ಎತ್ತಿಕೊಂಡು ಹೊರಗೆ. ನಡೆಸಿಕೊಂಡು ಹೋದರೆ ದಾರಿಯಲ್ಲೇ ಕೂತುಬಿಡುತ್ತಾಳೆ, ಅದಕ್ಕೇ ಎತ್ತಿಕೊಳ್ಳಬೇಕು. ಒಂದೇ ಜಾಗ, ಒಂದೇ ಮಾತು, ಮಾಡಿ ಮುಗಿಸಿದ ಕ್ಷಣವೇ ಒಂದು ಚೂರು ಬೇಯಿಸಿದ ಮೊಟ್ಟೆ. ಒಳಗೆ ಬಂದ ಮೇಲೆ ಕೊಟ್ಟರೆ ಪ್ರಯೋಜನ ಇಲ್ಲ, ಒಳಗೆ ಬಂದದ್ದಕ್ಕೆ ಕೊಟ್ಟರು ಅಂದುಕೊಳ್ಳುತ್ತದೆ. ಆದರೆ ನಮ್ಮೂರ ಜುಲೈ ಮಳೆ ಗೊತ್ತಲ್ಲ, ಅವಳು ಒದ್ದೆ ನೆಲಕ್ಕೆ ಕಾಲಿಡಲೇ ಒಪ್ಪುತ್ತಿರಲಿಲ್ಲ. ಒಂದು ಕಾಲು ಎತ್ತಿ ನನ್ನ ಮುಖ ನೋಡುತ್ತಾ ನಿಂತುಬಿಡುತ್ತಿದ್ದಳು. ಕೊನೆಗೆ ಜಗಲಿಯ ಮೂಲೆಯಲ್ಲಿ, ಮಾಡಿನ ಕೆಳಗೆ, ಹಳೆಯ ಪ್ಲಾಸ್ಟಿಕ್ ಟ್ರೇಗೆ ಅಂಗಳದ ಮಣ್ಣು ತುಂಬಿ ಇಟ್ಟೆವು, ಅವಳ ಉಚ್ಚೆ ಒರೆಸಿದ ಬಟ್ಟೆ ಚೂರು ಅದರ ಮೇಲೆ ಹಾಕಿದೆ. ವಾಸನೆ ಹಿಡಿದು ಎರಡನೇ ದಿನಕ್ಕೇ ಅಲ್ಲಿಗೆ ಹೋದಳು. ಮನೆಯೊಳಗೆ ಆದ ಜಾಗವನ್ನು ಮಾತ್ರ ವಾಸನೆ ಉಳಿಯದ ಹಾಗೆ ತೊಳೆಯಬೇಕು. ನಾನು ಮೊದಲು ಸೋಪು ನೀರು, ಆಮೇಲೆ ವಿನೆಗರ್ ಬೆರೆಸಿದ ನೀರು ಹಾಕುತ್ತಿದ್ದೆ. ಫಿನಾಯಿಲ್ ಬಿಟ್ಟುಬಿಟ್ಟೆ, ಮರಿ ನೆಲ ನೆಕ್ಕುತ್ತದೆ, ಅದು ಹೊಟ್ಟೆಗೆ ಹೋಗಬಾರದು.

ರಾತ್ರಿ ಅಳು ಇನ್ನೊಂದು ಕಷ್ಟ. ಅಮ್ಮನ ಹೊಟ್ಟೆಗೆ ಅಂಟಿಕೊಂಡು, ಒಡಹುಟ್ಟಿದವರ ಮೇಲೆ ಬಿದ್ದುಕೊಂಡು ಮಲಗಿದ ಮರಿಯನ್ನು ಒಂದೇ ಸಲಕ್ಕೆ ಹೊರಗಿನ ಕೋಣೆಯಲ್ಲಿ ಬಿಟ್ಟರೆ ಅಳದೆ ಏನು ಮಾಡುತ್ತದೆ ಹೇಳಿ. ಮೊದಲ ಎರಡು ರಾತ್ರಿ "ಅಳಲಿ, ಅಭ್ಯಾಸ ಆಗತ್ತೆ" ಎಂದು ಬಿಟ್ಟೆವು. ಅವಳೂ ಮಲಗಲಿಲ್ಲ, ನಾವೂ ಮಲಗಲಿಲ್ಲ. ಆಮೇಲೆ ರಟ್ಟಿನ ಡಬ್ಬವನ್ನು ನನ್ನ ಮಂಚದ ಪಕ್ಕಕ್ಕೇ ತಂದೆ, ಒಳಗೆ ನನ್ನದೊಂದು ಹಳೇ ಕಾಟನ್ ಸೀರೆ. ಕುಂಯ್ ಅಂದಾಗ ಕೈ ಕೆಳಗೆ ಬಿಡುತ್ತಿದ್ದೆ, ಬೆರಳು ಮೂಸಿ ಸುಮ್ಮನಾಗುತ್ತಿದ್ದಳು. ಹದಿನೈದು ದಿನ ಆದ ಮೇಲೆ ಡಬ್ಬವನ್ನು ದಿನಕ್ಕೆ ಒಂದೊಂದು ಮಾರು ಬಾಗಿಲ ಕಡೆಗೆ ಸರಿಸಿದೆ. ಮಧ್ಯರಾತ್ರಿ ಒಂದು ಸಲ ಎದ್ದು ಹೊರಗೆ ಕರೆದುಕೊಂಡು ಹೋಗುವುದಂತೂ ತಪ್ಪಲಿಲ್ಲ. ಆಗ ದೀಪ ಹಾಕಬೇಡಿ, ಮಾತಾಡಿಸಬೇಡಿ, ಹೋಗಿ ಬಂದು ಮಲಗಿಸಿ. ಆಟ ಶುರುವಾದರೆ ಬೆಳಗಿನವರೆಗೂ ಆಟವೇ.

ಕಚ್ಚುವುದು. ಮರಿಯ ಹಾಲುಹಲ್ಲು 28, ಒಂದೊಂದೂ ಸೂಜಿ. ಮಗ ಓಡುತ್ತಿದ್ದ, ಅವಳು ಹಿಂದೆ ಓಡಿ ಹಿಮ್ಮಡಿ ಹಿಡಿಯುತ್ತಿದ್ದಳು, ಅವನು ಕಿರುಚಿದಷ್ಟೂ ಅವಳಿಗೆ ಆಟ ಜಾಸ್ತಿ. ಹಲ್ಲು ತಾಗಿದ ತಕ್ಷಣ ಆಟ ನಿಲ್ಲಬೇಕು, ಅದು ನಮ್ಮ ಮನೆಯ ನಿಯಮ ಆಯಿತು. ಕೈ ಎಳೆದುಕೊಳ್ಳದೆ, ಬೈಯದೆ, ಎದ್ದು ಹೋಗಿ ಅರ್ಧ ನಿಮಿಷ ಬಾಗಿಲಾಚೆ ನಿಲ್ಲುವುದು. ಮಗನಿಗೆ ಮರದ ಹಾಗೆ ನಿಲ್ಲಲು ಕಲಿಸಿದೆವು, ಕೈ ಕಟ್ಟಿ ಮೇಲೆ ನೋಡುತ್ತಾ. ಅವಳಿಗಿಂತ ಅವನಿಗೆ ಕಲಿಸಲು ಹೆಚ್ಚು ದಿನ ಹಿಡಿಯಿತು. ಕಚ್ಚಲು ಹಳೇ ಟವೆಲ್ ಗಂಟು ಹಾಕಿ, ಒದ್ದೆ ಮಾಡಿ ಫ್ರೀಜರ್‌ನಲ್ಲಿ ಇಟ್ಟು ಕೊಡುತ್ತಿದ್ದೆ, ಒಸಡಿಗೆ ತಂಪು. ಮೊದಲು ತೆಂಗಿನಕಾಯಿ ಸಿಪ್ಪೆ ಕೊಟ್ಟಿದ್ದೆವು, ಅದರ ನಾರು ನುಂಗಿದರೆ ಕರುಳಿಗೆ ಸಿಕ್ಕಿಕೊಳ್ಳಬಹುದು ಎಂದು ಡಾಕ್ಟರ್ ಹೇಳಿದ ಮೇಲೆ ನಿಲ್ಲಿಸಿದೆ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಒಂದು ದಿನ ಹಲ್ಲು ತಾಗಿ ಮಗನ ಕೈಯಲ್ಲಿ ರಕ್ತ ಬಂತು. ಆಗಿನ್ನೂ ಅವಳಿಗೆ ರೇಬಿಸ್ ಇಂಜೆಕ್ಷನ್ ಆಗಿರಲಿಲ್ಲ, ತಾಯಿ ಬೀದಿಯದು. "ಮರಿ ತಾನೇ, ಅರಿಶಿನ ಹಚ್ಚು ಸಾಕು" ಎಂದರು ಮನೆಗೆ ಬಂದವರೊಬ್ಬರು. ಅರಿಶಿನ ಹಚ್ಚಲಿಲ್ಲ. ಕೊಳಾಯಿ ಕೆಳಗೆ ಕೈ ಹಿಡಿಸಿ ಸೋಪು ಹಾಕಿ ಹದಿನೈದು ನಿಮಿಷ ತೊಳೆದು ನೇರ ಆಸ್ಪತ್ರೆಗೆ ಹೋದೆವು. 0, 3, 7, 28ನೇ ದಿನ, ನಾಲ್ಕೂ ಸಲ ಇಂಜೆಕ್ಷನ್ ಹಾಕಿಸಿದೆವು. ರೇಬಿಸ್ ಲಕ್ಷಣ ಒಮ್ಮೆ ಕಾಣಿಸಿಕೊಂಡರೆ ಉಳಿಯುವುದು ಇಲ್ಲ ಎನ್ನುವಷ್ಟು ಕಡಿಮೆ. ಮುದ್ದು ಮರಿ ಅಂತ ದಯವಿಟ್ಟು ಬಿಡಬೇಡಿ.

ಹುರುಳಿಯ ಇಂಜೆಕ್ಷನ್‌ಗಳನ್ನೂ ಅದೇ ಕ್ಯಾಲೆಂಡರ್‌ನಲ್ಲಿ ಕೆಂಪು ಪೆನ್ನಿನಲ್ಲಿ ಬರೆದುಕೊಂಡೆ. ಡಿಸ್ಟೆಂಪರ್, ಪಾರ್ವೊ (ಎರಡೂ ಮರಿಗಳ ಜೀವಕ್ಕೇ ಕುತ್ತು ತರುವ ವೈರಸ್ ಕಾಯಿಲೆ), ಇಲಿ ಜ್ವರ ಎಲ್ಲ ಸೇರಿದ ಇಂಜೆಕ್ಷನ್ ಬಂದ ವಾರವೇ ಒಂದು, ಆಮೇಲೆ ಮೂರು-ನಾಲ್ಕು ವಾರಕ್ಕೊಂದರಂತೆ ನಾಲ್ಕು ತಿಂಗಳು ತುಂಬುವವರೆಗೆ. ರೇಬಿಸ್‌ನದು ಮೂರು ತಿಂಗಳಿಗೆ. ಜಂತುಹುಳದ ಔಷಧಿ ಮೂರು ತಿಂಗಳವರೆಗೆ ಹದಿನೈದು ದಿನಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ. ಮಳೆಗಾಲದಲ್ಲಿ ನಿಂತ ನೀರಿಗೆ ಇಲಿ ಉಚ್ಚೆ ಸೇರಿರುತ್ತದೆ, ಇಲಿ ಜ್ವರ ಬರುವುದು ಹಾಗೇ, ಅದಕ್ಕೇ ಗುಂಡಿ ನೀರಿಗೆ ಮೂಗು ಇಡಲು ಬಿಡುತ್ತಿರಲಿಲ್ಲ. ಪಾರ್ವೊ ಬಗ್ಗೆ ನನಗೆ ಜಾಸ್ತಿ ಭಯ ಇತ್ತು. ವಾಂತಿ, ರಕ್ತ ಬೆರೆತ ಭೇದಿ, ಊಟ ಬಿಡುವುದು, ಇದು ಕಂಡರೆ ನಾಳೆ ನೋಡೋಣ ಅನ್ನುವ ಹಾಗಿಲ್ಲ, ಅದೇ ಗಂಟೆ ಹೊರಡಬೇಕು. ಆ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಇರುತ್ತದೆ. ಹಾಗಾಗಿ ಇಂಜೆಕ್ಷನ್ ಮುಗಿಯುವವರೆಗೆ ಅವಳನ್ನು ಬೀದಿಯಲ್ಲಿ ಇಳಿಸಲಿಲ್ಲ. ಹಾಗಂತ ಒಳಗೇ ಮುಚ್ಚಿಡಲೂ ಇಲ್ಲ. ಸುಮಾರು ಹದಿನಾಲ್ಕು ವಾರದೊಳಗೆ ನೋಡಿದ್ದು, ಕೇಳಿದ್ದು ಮರಿಗೆ ಜೀವನಪೂರ್ತಿ ಮಾಮೂಲಿ ಅನ್ನಿಸುತ್ತದೆ. ಅದಕ್ಕೆ ದಿನಾ ಸಂಜೆ ಎತ್ತಿಕೊಂಡು ಗೇಟ್ ಬಳಿ ನಿಲ್ಲುತ್ತಿದ್ದೆ. ಆಟೋ, ಕೊಡೆ ಹಿಡಿದವರು, ಗಡ್ಡದವರು, ಶಾಲೆ ಮಕ್ಕಳು, ಕಸದ ಗಾಡಿಯ ಹಾಡು, ಎಲ್ಲಾ ತೋರಿಸಿದೆ.

ಊಟದಲ್ಲಿ ನಮ್ಮ ತಪ್ಪು ಹಾಲು. ಅತ್ತೆ ಪ್ರೀತಿಯಿಂದ ದಿನಕ್ಕೆ ಮೂರು ಸಲ ಹಸುವಿನ ಹಾಲು ಹಾಕಿದರು, ಮೂರನೇ ದಿನ ಭೇದಿ. ತಾಯಿ ಹಾಲು ಬೇರೆ, ಹಸುವಿನ ಹಾಲು ಬೇರೆ, ಬಹಳ ಮರಿಗಳಿಗೆ ಅದು ಅರಗುವುದಿಲ್ಲ. ಮಜ್ಜಿಗೆ ಅನ್ನ ಕೊಟ್ಟು ಸರಿ ಮಾಡಿದೆವು. ಆಮೇಲೆ ದಿನಕ್ಕೆ ನಾಲ್ಕು ಸಲ, ಸ್ವಲ್ಪ ಸ್ವಲ್ಪ: ಮರಿಗಳ ಫುಡ್ ನೆನೆಸಿ ಎರಡು ಸಲ, ಮೆತ್ತಗೆ ಬೇಯಿಸಿದ ಅನ್ನಕ್ಕೆ ಉಪ್ಪಿಲ್ಲದ ಕೋಳಿ ಅಥವಾ ಮೊಟ್ಟೆ ಕಿವುಚಿ ಎರಡು ಸಲ. ನಮ್ಮ ಹುಳಿ, ಸಾರು ಕೊಡುವುದಿಲ್ಲ, ಈರುಳ್ಳಿ ಬೆಳ್ಳುಳ್ಳಿ ನಾಯಿ ರಕ್ತಕ್ಕೆ ಕೆಟ್ಟದ್ದು. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಅಂತೂ ಬೇಡವೇ ಬೇಡ. ಪಾಯಸದ ದ್ರಾಕ್ಷಿ ನೆಲಕ್ಕೆ ಬಿದ್ದರೆ ಈಗ ಮಗನೇ ಓಡಿ ಬಂದು ಆರಿಸುತ್ತಾನೆ. ಬೇಯಿಸಿದ ಮೂಳೆಯೂ ಬೇಡ, ಚೂರಾಗಿ ಗಂಟಲಿಗೆ, ಕರುಳಿಗೆ ಚುಚ್ಚುತ್ತದೆ.

ನನ್ನ ಕೆಲಸದ್ದೇ ಒಂದು ಅಪಾಯ ಇತ್ತು, ಅದು ನನಗೆ ಹೊಳೆದಿರಲಿಲ್ಲ. ಆಗಸ್ಟ್‌ನಲ್ಲಿ ಒಂದು ಮಧ್ಯಾಹ್ನ ನೋಡಿದರೆ ಹುರುಳಿ ಬಾಯಿಂದ ಹಸಿರು ದಾರ ನೇತಾಡುತ್ತಿದೆ, ಇನ್ನೊಂದು ತುದಿ ಒಳಗೆ. ಕೈ ಹಾಕಿ ಎಳೆಯಲು ಹೋದೆ, ನಮ್ಮವರು ಕೈ ಹಿಡಿದರು. ಎಳೆಯಬಾರದು. ಒಳಗೆ ಕರುಳಿಗೆ ಸುತ್ತಿಕೊಂಡಿದ್ದರೆ ಕೊಯ್ದುಬಿಡುತ್ತದೆ, ತುದಿಯಲ್ಲಿ ಸೂಜಿ ಇದ್ದರೂ ಇರಬಹುದು. ಮಳೆಯಲ್ಲೇ ಆಟೋ ಮಾಡಿಕೊಂಡು ಹೋದೆವು. ಎಕ್ಸ್‌ರೇಯಲ್ಲಿ ಸೂಜಿ ಕಾಣಲಿಲ್ಲ, ದಾರವನ್ನು ಡಾಕ್ಟರ್ ಜಾಗ್ರತೆಯಿಂದ ತೆಗೆದರು. ಆ ಅರ್ಧ ಗಂಟೆ ನಾನು ಬೆಂಚಿನ ಮೇಲೆ ಹೇಗೆ ಕೂತಿದ್ದೆ ಅಂತ ನನಗೇ ಗೊತ್ತು. ಮನೆಗೆ ಬಂದ ಕೂಡಲೇ ಹೊಲಿಗೆ ಕೋಣೆ ಬಾಗಿಲಿಗೆ ಸೊಂಟದೆತ್ತರದ ಹಲಗೆ ಅಡ್ಡ ಹಾಕಿಸಿದೆ. ಸೂಜಿ, ಗುಂಡಿ, ಕತ್ತರಿಸಿದ ಚೂರು ಎಲ್ಲ ಮುಚ್ಚಳದ ಡಬ್ಬಕ್ಕೆ.

ಮತ್ತೆ ಆ ಕ್ಯಾಲೆಂಡರ್‌ಗೆ ಬರುತ್ತೇನೆ, ಏಕೆಂದರೆ ಹೆಚ್ಚು ಉಪಯೋಗ ಆದದ್ದು ನಿದ್ದೆಯ ಗೆರೆಗಳಿಂದ. ದಿನಾ ಸಂಜೆ ಏಳರಿಂದ ಎಂಟು, ಅವಳಿಗೆ ಹುಚ್ಚು ಹಿಡಿದ ಹಾಗೆ. ಸೋಫಾ ಸುತ್ತ ಓಟ, ಸೀರೆ ಸೆರಗು ಹಿಡಿದು ಎಳೆತ, ಎಲ್ಲಿ ಸಿಕ್ಕರೆ ಅಲ್ಲಿ ಕಚ್ಚು. ಶಕ್ತಿ ಜಾಸ್ತಿ ಆಗಿದೆ, ದಣಿಸೋಣ ಎಂದು ನಾವು ಇನ್ನೂ ಆಡಿಸುತ್ತಿದ್ದೆವು. ಗೆರೆ ಕೂಡಿಸಿ ನೋಡಿದೆ. ಮರಿಗೆ ದಿನಕ್ಕೆ ಹದಿನೆಂಟು ಗಂಟೆಯಾದರೂ ನಿದ್ದೆ ಬೇಕು. ಇವಳದು ಹದಿಮೂರು ದಾಟುತ್ತಿರಲಿಲ್ಲ. ಮಧ್ಯಾಹ್ನ ಮಗ ಶಾಲೆಯಿಂದ ಬಂದ ಮೇಲೆ ಅವಳನ್ನು ಯಾರೂ ಮಲಗಲು ಬಿಡುತ್ತಲೇ ಇರಲಿಲ್ಲ. ಸಣ್ಣ ಮಕ್ಕಳು ನಿದ್ದೆಗೆಟ್ಟು ರಚ್ಚೆ ಹಿಡಿಯುತ್ತವಲ್ಲ, ಅದೇ ಇದು. ಅವತ್ತಿನಿಂದ ಒಂದು ಗಂಟೆ ಎಚ್ಚರ ಇದ್ದರೆ ಡಬ್ಬಕ್ಕೆ ಹಾಕಿ ಮೇಲೆ ಅರ್ಧ ಬಟ್ಟೆ ಮುಚ್ಚಿ ಕೋಣೆ ಕತ್ತಲು ಮಾಡುತ್ತಿದ್ದೆ. ನಾಲ್ಕೇ ದಿನಕ್ಕೆ ಸಂಜೆಯ ಕಚ್ಚಾಟ ಅರ್ಧಕ್ಕೆ ಇಳಿಯಿತು.

ಆಮೇಲೆ ಬೈಯಲು ಬಾಯಿಗೆ ಬಂದಾಗೆಲ್ಲ ನಾನು ಗಡಿಯಾರ ನೋಡಲು ಶುರು ಮಾಡಿದೆ. ಉಚ್ಚೆಗೆ ಹೋಗಿ ಎಷ್ಟು ಹೊತ್ತಾಯಿತು, ಊಟ ಆಯಿತಾ, ಮಲಗಿದ್ದು ಯಾವಾಗ. ಹತ್ತರಲ್ಲಿ ಒಂಬತ್ತು ಸಲ ಉತ್ತರ ಅಲ್ಲೇ ಇರುತ್ತಿತ್ತು.

ಉಣುಗಿನ ಬಗ್ಗೆ ಎರಡು ಮಾತು. ನಮ್ಮ ಜಿಲ್ಲೆಯಲ್ಲಿ ಉಣುಗು ಅಂದರೆ ಎಲ್ಲರಿಗೂ ಮಂಗನ ಕಾಯಿಲೆ ನೆನಪಾಗುತ್ತದೆ, 1957ರಲ್ಲಿ ಮೊದಲು ಗೊತ್ತಾದದ್ದು ಸೊರಬದ ಕ್ಯಾಸನೂರು ಕಾಡಿನಲ್ಲೇ ಅಲ್ವಾ. ಅತ್ತೆಗೂ ಅದೇ ಹೆದರಿಕೆ. ಆ ಕಾಯಿಲೆ ಹರಡುವುದು ಕಾಡಿನ ಉಣುಗು, ಊರ ನಾಯಿ ಮೈಮೇಲೆ ಸಾಮಾನ್ಯವಾಗಿ ಇರುವ ಕಂದು ಉಣುಗು ಬೇರೆ ಜಾತಿ ಎಂದು ಡಾಕ್ಟರ್ ಬಿಡಿಸಿ ಹೇಳಿದರು. ಆದರೆ ಇದರಿಂದ ನಾಯಿಗೆ ಉಣುಗು ಜ್ವರ ಬರುತ್ತದೆ, ಹಾಗಾಗಿ ರಾತ್ರಿ ಮಲಗುವ ಮುಂಚೆ ಕಿವಿ ಒಳಗೆ, ಬೆರಳ ಸಂದಿ, ಕುತ್ತಿಗೆ ಕೆಳಗೆ ಕೈಯಾಡಿಸಿ ನೋಡುವುದು ಅತ್ತೆಯ ಕೆಲಸ. ಟಿವಿ ನೋಡುತ್ತಾ ಮಡಿಲಲ್ಲಿ ಮಲಗಿಸಿಕೊಂಡು ಹುಡುಕುತ್ತಾರೆ.

ಸೆಪ್ಟೆಂಬರ್‌ನಲ್ಲಿ ಒಂದು ಬೆಳಿಗ್ಗೆ ಕಾಲೊರಸು ಕೊಡವುವಾಗ ಅಕ್ಕಿಕಾಳಿನಷ್ಟು ಬಿಳಿಯದು ಬಿತ್ತು. ಹುರುಳಿಯ ಮುಂದಿನ ಹಲ್ಲು. ಮಗ ಅದನ್ನು ಬೆಂಕಿಪೊಟ್ಟಣದಲ್ಲಿ ಹತ್ತಿ ಹಾಕಿ ಇಟ್ಟುಕೊಂಡಿದ್ದಾನೆ. ಆರು-ಏಳು ತಿಂಗಳಿಗೆ ದೊಡ್ಡ ಹಲ್ಲು 42 ಪೂರ್ತಿ ಬರುತ್ತವೆ, ಕಚ್ಚುವುದೂ ಆಗ ತಾನಾಗೇ ಕಡಿಮೆಯಾಗುತ್ತಾ ಬರುತ್ತದೆ.

ಈಗ ಡಿಸೆಂಬರ್. ಕ್ಯಾಲೆಂಡರ್‌ನ ಈ ತಿಂಗಳ ಹಾಳೆಯಲ್ಲಿ ಪೆನ್ಸಿಲ್ ಗುರುತು ಎರಡೇ ಇವೆ. ಒಂದು ಜಂತುಹುಳದ ಔಷಧಿ. ಇನ್ನೊಂದು ಹೋದ ಮಂಗಳವಾರದ್ದು, ಯಾರೂ ಬಾಗಿಲು ತೆಗೆಯದೆ ಒಳಗೇ ಆದ ಒಂದು ಉ. ಅವತ್ತು ನಾನು ಮದುವೆ ರವಿಕೆಗೆ ಕೊಕ್ಕೆ ಹಾಕುತ್ತಾ ಕೂತಿದ್ದೆ, ಅವಳು ಹಲಗೆಯಾಚೆ ಬಂದು ಎರಡು ಸಲ ಕುಂಯ್ ಅಂದಳು, ಇದೊಂದು ಕೊಕ್ಕೆ ಮುಗಿಸಿ ಏಳೋಣ ಅಂದುಕೊಂಡೆ.