ಹಾಲ್‌ಸ್ಟಾಟ್‌ಗೆ ಹೋದರೆ ಒಂದು ರಾತ್ರಿ ಉಳಿಯಿರಿ

ಆಸ್ಟ್ರಿಯಾದ ಹಾಲ್‌ಸ್ಟಾಟ್‌ಗೆ ಸಾಲ್ಜ್‌ಬರ್ಗ್‌ನಿಂದ ಬೆಳಿಗ್ಗೆ ಹೋಗಿ ಸಂಜೆಗೆ ವಾಪಸ್ ಬರುವವರೇ ಹೆಚ್ಚು. ಹಾಗೆ ಹೋಗಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಸುಮಾರು 750 ಜನರ ಊರು ಅದು. ಒಂದು ಪಕ್ಕದಲ್ಲಿ ಬೆಟ್ಟ ನೆಟ್ಟಗೆ ಎದ್ದಿದೆ, ಇನ್ನೊಂದು ಪಕ್ಕದಲ್ಲಿ 125 ಮೀಟರ್ ಆಳದ ಸರೋವರ. ನಡುವೆ ಒಂದು ಬೀದಿಗಾಗುವಷ್ಟು ಜಾಗ. ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕೈದರ ತನಕ ಪ್ರವಾಸಿ ಬಸ್ಸುಗಳ ಜನವೆಲ್ಲ ಆ ಒಂದೇ ಬೀದಿಯಲ್ಲಿ ತುಂಬಿಕೊಂಡಿರುತ್ತಾರೆ. ಬಸ್ಸುಗಳಿಗೆ ಮೊದಲೇ ಸಮಯ ಕಾಯ್ದಿರಿಸುವ ನಿಯಮ ತಂದ ಮೇಲೂ ಮಧ್ಯಾಹ್ನದ ನೂಕುನುಗ್ಗಲು ಹೋಗಿಲ್ಲ.

ಇನ್ನೊಂದು ಕಾರಣ ಬಿಸಿಲು. ಊರು ಸರೋವರದ ಪಶ್ಚಿಮ ದಡದಲ್ಲಿದೆ, ಬೆಟ್ಟ ಅದರ ಬೆನ್ನಿಗೇ ಅಂಟಿಕೊಂಡಿದೆ. ಬೆಳಗಿನ ಬಿಸಿಲು ನೀರಿನ ಮೇಲಿಂದ ಬಂದು ನೇರವಾಗಿ ಮನೆಗಳ ಮುಂಭಾಗಕ್ಕೆ ಬೀಳುತ್ತದೆ. ಮಧ್ಯಾಹ್ನ ಕಳೆಯುತ್ತಿದ್ದಂತೆ ಸೂರ್ಯ ಬೆಟ್ಟದ ಹಿಂದೆ ಸರಿಯುತ್ತಾನೆ. ಎದುರು ದಡ ಇನ್ನೂ ಹೊಳೆಯುತ್ತಿರುವಾಗಲೇ ಊರಿಗೆ ನೆರಳು ಬಂದಿರುತ್ತದೆ. ಚಿತ್ರಗಳಲ್ಲಿ ನೋಡಿದ ಊರು ಕಣ್ಣಾರೆ ಸಿಗಬೇಕಾದರೆ ಬೆಳಿಗ್ಗೆ ಏಳು ಗಂಟೆಗೆ ನೀವು ಅಲ್ಲಿರಬೇಕು. ಅದಕ್ಕೆ ಹಿಂದಿನ ರಾತ್ರಿ ಅಲ್ಲೇ ಮಲಗಿರಬೇಕು.

ಬೆಂಗಳೂರಿನಿಂದ ಹೋಗುವವರು ಮ್ಯೂನಿಕ್ ಅಥವಾ ವಿಯೆನ್ನಾಗೆ ಟಿಕೆಟ್ ಮಾಡಿಸಿದರೆ ಅನುಕೂಲ. ಯೂರೋಪಿನ ಹಲವು ದೇಶಗಳಿಗೆ ಒಂದೇ ಆಗಿ ನಡೆಯುವ ಷೆಂಗೆನ್ ವೀಸಾಕ್ಕೆ ಅರ್ಜಿ ಹಾಕುವಾಗ ವಿಮಾನ ಇಳಿಯುವ ದೇಶವನ್ನಲ್ಲ, ಹೆಚ್ಚು ರಾತ್ರಿ ಕಳೆಯುವ ದೇಶವನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಎರಡು ದೇಶಗಳಲ್ಲಿ ರಾತ್ರಿಗಳು ಸಮನಾಗಿದ್ದರೆ ಮಾತ್ರ ಮೊದಲು ಕಾಲಿಡುವ ದೇಶಕ್ಕೆ ಅರ್ಜಿ. ಶುಲ್ಕ 2024ರ ಜೂನ್‌ನಿಂದ ದೊಡ್ಡವರಿಗೆ 90 ಯೂರೋ. ಪ್ರಯಾಣ ವಿಮೆ ಕನಿಷ್ಠ 30,000 ಯೂರೋದ್ದಿರಬೇಕು. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು. ಬೇಸಿಗೆ ರಜೆಗೆ ಹೋಗುವವರು ಜನವರಿ-ಫೆಬ್ರವರಿಯಲ್ಲೇ ಈ ಕೆಲಸ ಮುಗಿಸಿಕೊಳ್ಳುವುದು ಒಳ್ಳೆಯದು.

ಹೋಟೆಲ್ ಮತ್ತು ರೈಲು ಹುಡುಕುವಾಗ ಹೆಸರಿನ ಕಡೆ ಗಮನವಿರಲಿ. ಜರ್ಮನಿಯ ಬಾಂಬರ್ಗ್ ಪಕ್ಕದಲ್ಲಿ ಇದೇ ಉಚ್ಚಾರಣೆಯ ಇನ್ನೊಂದು ಊರಿದೆ. ಇಂಗ್ಲಿಷ್ ಅಕ್ಷರಗಳಲ್ಲಿ ನಮ್ಮ ಊರಿನ ಹೆಸರು ಎರಡು 'ಟಿ'ಗಳಿಂದ ಮುಗಿಯುತ್ತದೆ, ಆ ಊರಿನದು 'ಡಿ-ಟಿ'ಯಿಂದ. ಅವಸರದಲ್ಲಿ ಅದನ್ನು ಒತ್ತಿದರೆ ನೂರಾರು ಕಿಲೋಮೀಟರ್ ಆಚೆಯ ಟಿಕೆಟ್ ಕೈಗೆ ಬರುತ್ತದೆ. ಕೌಂಟರಿನಲ್ಲಿ ಬಾಯಲ್ಲಿ ಕೇಳುವಾಗ 'ಹಾಲ್‌ಶ್ಟಾಟ್, ಆಸ್ಟ್ರಿಯಾ' ಎಂದು ದೇಶದ ಹೆಸರನ್ನೂ ಸೇರಿಸಿ ಹೇಳಿ.

ಸಾಲ್ಜ್‌ಬರ್ಗ್‌ನಿಂದಾಗಲಿ ವಿಯೆನ್ನಾದಿಂದಾಗಲಿ ರೈಲು ಬದಲಿಸುವುದು ಅಟ್ನಾಂಗ್-ಪುಖ್‌ಹೈಮ್‌ನಲ್ಲಿ. ಸಾಲ್ಜ್‌ಬರ್ಗ್‌ನಿಂದ ಒಟ್ಟು ಎರಡರಿಂದ ಎರಡೂವರೆ ತಾಸು, ವಿಯೆನ್ನಾದಿಂದ ಮೂರೂವರೆ ತಾಸಿನ ಆಸುಪಾಸು. ಆಸ್ಟ್ರಿಯಾ ರೈಲ್ವೆಯ ಆ್ಯಪ್‌ನಲ್ಲಿ ಮುಂಚಿತವಾಗಿ ಕೊಂಡರೆ 'ಶ್ಪಾರ್‌ಶೀನೆ' ಎಂಬ ಅಗ್ಗದ ಟಿಕೆಟ್ ಸಿಗುತ್ತದೆ. ಅದು ನಮೂದಿಸಿದ ರೈಲಿಗೆ ಮಾತ್ರ ನಡೆಯುತ್ತದೆ. ಅಟ್ನಾಂಗ್ ತನಕ ಒಂದು, ಅಲ್ಲಿಂದ ಮುಂದಕ್ಕೆ ಇನ್ನೊಂದು ಎಂದು ಬಿಡಿಬಿಡಿಯಾಗಿ ಕೊಳ್ಳಬೇಡಿ. ಹೊರಡುವ ಊರಿನಿಂದ ಹಾಲ್‌ಸ್ಟಾಟ್ ತನಕ ಒಂದೇ ಟಿಕೆಟ್ ಇದ್ದರೆ, ಮೊದಲ ರೈಲು ತಡವಾಗಿ ಎರಡನೆಯದು ತಪ್ಪಿದಾಗ ಮುಂದಿನ ರೈಲು ಹತ್ತಲು ನಿಮಗೆ ಹಕ್ಕಿರುತ್ತದೆ. ಬಿಡಿ ಟಿಕೆಟ್‌ಗೆ ಆ ರಕ್ಷಣೆ ಇಲ್ಲ.

ಸಾಲ್ಜ್‌ಬರ್ಗ್‌ನಿಂದ 150ನೇ ನಂಬರಿನ ಬಸ್ ಹಿಡಿದು ಬಾಡ್ ಇಶ್ಲ್‌ಗೆ ಹೋಗಿ, ಅಲ್ಲಿಂದ ರೈಲಿನಲ್ಲಿ ಹಾಲ್‌ಸ್ಟಾಟ್ ತಲುಪುವ ದಾರಿಯೂ ಇದೆ. ವೋಲ್ಫ್‌ಗಾಂಗ್ ಸರೋವರದ ಪಕ್ಕ ಹಾದುಹೋಗುವ ಈ ಬಸ್ಸಿನ ದಾರಿ ಬಲು ಚೆಂದ. ಆದರೆ ಬೇಸಿಗೆಯ ಶನಿವಾರ-ಭಾನುವಾರ ನಿಂತೇ ಹೋಗಬೇಕಾದೀತು. ಹೋಗುವಾಗ ರೈಲು, ಬರುವಾಗ ಬಸ್ಸು ಎಂದು ಇಟ್ಟುಕೊಂಡರೆ ಎರಡೂ ಸಿಕ್ಕಂತಾಯಿತು.

ರೈಲಿನಲ್ಲಿ ಯಾವ ಪಕ್ಕ ಕೂರಬೇಕು ಎಂದು ಬಹಳ ಜನ ಕೇಳುತ್ತಾರೆ. ಅಟ್ನಾಂಗ್‌ನಿಂದ ದಕ್ಷಿಣಕ್ಕೆ ಹೊರಟಾಗ ಗ್ಮುಂಡೆನ್ ದಾಟಿದ ಮೇಲೆ ಎಬೆನ್‌ಜೇ ತನಕ ಟ್ರಾವ್ನ್ ಸರೋವರ ಎಡಕ್ಕೆ ಕಾಣುತ್ತದೆ. ಬಾಡ್ ಇಶ್ಲ್, ಬಾಡ್ ಗೊಯ್ಸರ್ನ್ ಕಳೆದು ಸ್ಟೇಗ್-ಗೋಸಾವ್ ಬಂದ ಮೇಲೆ ಬಲಕ್ಕೆ ಬನ್ನಿ. ಹಾಲ್‌ಸ್ಟಾಟ್ ಸರೋವರದ ಪೂರ್ವ ದಡವನ್ನೇ ಹಿಡಿದು ಹಳಿ ಸಾಗುತ್ತದೆ, ನೀರು ಕಿಟಕಿಯ ಕೆಳಗೇ ಇರುತ್ತದೆ.

ಪೂರ್ವ ದಡ ಎಂದೆನಲ್ಲ, ಊರಿರುವುದು ಎದುರು ದಡದಲ್ಲಿ. 1877ರಲ್ಲಿ ಈ ರೈಲುಮಾರ್ಗ ಬಂದಾಗ ಊರಿನ ಕಡೆ ಹಳಿ ಹಾಕಲು ಜಾಗವೇ ಇರಲಿಲ್ಲ. ಹಾಗಾಗಿ ನಿಲ್ದಾಣ ಕಾಡಿನಂಚಿನಲ್ಲಿ ಒಂಟಿಯಾಗಿ ನಿಂತಿದೆ, ಅಲ್ಲಿಂದ ಊರಿಗೆ ದೋಣಿ. ರೈಲು ಇಳಿದು ಇಳಿಜಾರಿನ ಸಣ್ಣ ದಾರಿಯಲ್ಲಿ ಕೆಳಗೆ ಬಂದರೆ ದೋಣಿಕಟ್ಟೆ. ಟಿಕೆಟ್ ಅಲ್ಲೇ ಕೊಡುತ್ತಾರೆ, ಚಿಲ್ಲರೆ ಯೂರೋ ಕೈಯಲ್ಲಿರಲಿ. ಹತ್ತು ನಿಮಿಷದ ದಾರಿ. ರೈಲಿನ ಸಮಯಕ್ಕೆ ಹೊಂದಿಸಿಯೇ ದೋಣಿ ಓಡಿಸುವುದರಿಂದ ರೈಲು ಸ್ವಲ್ಪ ತಡವಾದರೆ ಗಾಬರಿ ಬೇಡ.

ಎಡವಟ್ಟಾಗುವುದು ಸಂಜೆ. ರೈಲುಗಳು ರಾತ್ರಿಯವರೆಗೂ ಆ ನಿಲ್ದಾಣದಲ್ಲಿ ನಿಲ್ಲುತ್ತವೆ, ದೋಣಿ ಮಾತ್ರ ಸಂಜೆಯೇ ನಿಂತುಬಿಡುತ್ತದೆ. ರೈಲಿನ ಆ್ಯಪ್ ನೋಡಿ ರಾತ್ರಿ ಎಂಟೂವರೆಗೆ ಇಳಿದವರಿಗೆ ಎದುರು ದಡದ ದೀಪಗಳು ಕಾಣುತ್ತವೆ, ದಾಟಲು ಏನೂ ಇರುವುದಿಲ್ಲ. ಟಿಕೆಟ್ ಕೊಳ್ಳುವ ಮೊದಲು ದೋಣಿ ಕಂಪನಿಯ ವೇಳಾಪಟ್ಟಿ ತೆಗೆದು ಆ ದಿನದ ಕೊನೆಯ ದೋಣಿ ಎಷ್ಟಕ್ಕೆ ಎಂದು ನೋಡಿ, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ ರೈಲು ಆರಿಸಿ. ನಾನು ಕೊನೆಯ ದೋಣಿಗಿಂತ ಎರಡು ದೋಣಿ ಮೊದಲಿನದನ್ನೇ ಗುರಿಯಾಗಿಟ್ಟುಕೊಳ್ಳುತ್ತೇನೆ. ಒಂಟಿ ಹಳಿಯ ಮಾರ್ಗವಾದ್ದರಿಂದ ಒಂದು ರೈಲು ತಡವಾದರೆ ಎದುರಿನದೂ ಕಾಯುತ್ತದೆ. ಚಳಿಗಾಲದ ವೇಳಾಪಟ್ಟಿ ಬೇರೆ, ರೈಲಿನ ವೇಳಾಪಟ್ಟಿ ಪ್ರತಿ ವರ್ಷ ಡಿಸೆಂಬರ್ ಮಧ್ಯದಲ್ಲಿ ಬದಲಾಗುತ್ತದೆ. ದೋಣಿ ತಪ್ಪಿಯೇಹೋಯಿತು ಎಂದು ರೈಲಿನಲ್ಲಿರುವಾಗಲೇ ತಿಳಿದರೆ ಹಾಲ್‌ಸ್ಟಾಟ್‌ನಲ್ಲಿ ಇಳಿಯಬೇಡಿ. ಮುಂದಿನ ಓಬರ್‌ಟ್ರಾವ್ನ್‌ಗೆ ಹೋಗಿ. ಅದು ಸರೋವರದ ದಕ್ಷಿಣ ತುದಿಯ ಊರು, ಅಲ್ಲಿಂದ ರಸ್ತೆಯಿದೆ. ಉಳಿಯುವ ಮನೆಯವರಿಗೆ ಫೋನ್ ಮಾಡಿದರೆ ಟ್ಯಾಕ್ಸಿ ಹೇಳಿಕೊಡುತ್ತಾರೆ.

ಕೋಣೆ ಸಿಗದಿದ್ದರೆ ಅಥವಾ ಬಾಡಿಗೆ ಕೈಗೆಟುಕದಿದ್ದರೆ ಇದೇ ಓಬರ್‌ಟ್ರಾವ್ನ್‌ನಲ್ಲಿ ಉಳಿಯಬಹುದು. ನಾಲ್ಕೈದು ಕಿಲೋಮೀಟರ್ ದೂರ, 543ನೇ ಬಸ್ಸಿನಲ್ಲಿ ಹತ್ತು ನಿಮಿಷ. ಊರೊಳಗಿನ ಹಳೆಯ ಮನೆಗಳಲ್ಲಿ ಲಿಫ್ಟ್ ಸಿಗುವುದು ಅಪರೂಪ, ಮೆಟ್ಟಿಲು ಕಡಿದಾಗಿರುತ್ತವೆ. ಹಗಲು ಹೊತ್ತು ಊರ ನಡುವೆ ವಾಹನ ಬಿಡುವುದಿಲ್ಲ. 23 ಕಿಲೋ ಸೂಟ್‌ಕೇಸನ್ನು ಕಲ್ಲುಹಾಸಿನ ಮೇಲೆ ಎಳೆದುಕೊಂಡು ಹೋಗಿ, ಎರಡು ಮಹಡಿ ಹೊರುವುದು ಯಾರಿಗೂ ಬೇಡ. ದೊಡ್ಡ ಪೆಟ್ಟಿಗೆಯನ್ನು ಸಾಲ್ಜ್‌ಬರ್ಗ್ ನಿಲ್ದಾಣದ ಲಾಕರಿನಲ್ಲಿಟ್ಟು, ಒಂದು ರಾತ್ರಿಗೆ ಬೇಕಾದ್ದನ್ನಷ್ಟೇ ಬೆನ್ನುಚೀಲಕ್ಕೆ ಹಾಕಿಕೊಳ್ಳಿ. ಅಪ್ಪ-ಅಮ್ಮನನ್ನು ಕರೆದುಕೊಂಡು ಹೋಗುವವರು ನೆಲಮಹಡಿಯ ಕೋಣೆ ಇದೆಯೇ ಎಂದು ಮುಂಗಡ ಕೊಡುವ ಮೊದಲೇ ಬರೆದು ಕೇಳಿ. ತಲೆಗೆ ಇಷ್ಟು, ರಾತ್ರಿಗೆ ಇಷ್ಟು ಎಂದು ಸ್ಥಳೀಯ ತೆರಿಗೆಯೊಂದಿದೆ. ಬುಕಿಂಗ್ ಮೊತ್ತದಲ್ಲಿ ಸೇರಿಲ್ಲದಿದ್ದರೆ ಅದನ್ನು ಅಲ್ಲೇ ಕಟ್ಟಬೇಕು.

ಮಧ್ಯಾಹ್ನ ಮೂರು-ನಾಲ್ಕಕ್ಕೆ ತಲುಪಿದರೆ ಸಾಕು. ಚೀಲ ಇಟ್ಟು, ಜನ ಕರಗುವ ತನಕ ಬೀದಿಗಿಂತ ಮೇಲಿನ ಮೆಟ್ಟಿಲುದಾರಿಗಳಲ್ಲಿ ಓಡಾಡಿ. ಮನೆಗಳು ಬೆಟ್ಟಕ್ಕೆ ಒಂದರ ಮೇಲೊಂದು ಪೇರಿಸಿದಂತಿವೆ. ಕೆಳಗಿನ ಮನೆಯ ಸೂರು ಮೇಲಿನವರ ಕಾಲಿನ ಮಟ್ಟಕ್ಕೆ ಬರುತ್ತದೆ. ಮೇಲೆ ಕ್ಯಾಥೊಲಿಕ್ ಚರ್ಚಿನ ಅಂಗಳಕ್ಕೆ ಹೋದರೆ ಪುಟ್ಟ ಸ್ಮಶಾನ, ಅದರ ಪಕ್ಕದ ಸಂತ ಮೈಕೆಲ್ ಗುಡಿಯ ಕೆಳಗೆ ಅಸ್ಥಿಗೃಹ. ಸ್ವಲ್ಪ ಪ್ರವೇಶಧನವಿದೆ, ಸಂಜೆ ಬೇಗ ಮುಚ್ಚುತ್ತಾರೆ. ಇದನ್ನು ನೋಡದೆ ಬರಬೇಡಿ. ಹೂಳಲು ಜಾಗವಿಲ್ಲದ ಊರು ಇದು. ಹತ್ತು-ಹದಿನೈದು ವರ್ಷಕ್ಕೆ ಗೋರಿ ತೆರೆದು ಎಲುಬು ತೆಗೆದು, ಆ ಜಾಗವನ್ನು ಇನ್ನೊಬ್ಬರಿಗೆ ಕೊಡುತ್ತಿದ್ದರು. ತಲೆಬುರುಡೆಯನ್ನು ತೊಳೆದು, ಬಿಳುಪೇರುವ ತನಕ ಹೊರಗಿಟ್ಟು, ಹಣೆಯ ಮೇಲೆ ಹೆಸರು, ಇಸವಿ, ಸುತ್ತ ಎಲೆ-ಹೂವಿನ ಬಳ್ಳಿ ಬರೆದು ಮನೆಯವರ ಬುರುಡೆಗಳ ಪಕ್ಕದಲ್ಲೇ ಜೋಡಿಸುತ್ತಿದ್ದರು. ಸುಮಾರು 1,200 ಬುರುಡೆಗಳಿವೆ, ಅರ್ಧದಷ್ಟಕ್ಕೆ ಬಣ್ಣವಿದೆ. ಕೊನೆಯದನ್ನು ಇಟ್ಟಿದ್ದು 1995ರಲ್ಲಿ, 1983ರಲ್ಲಿ ತೀರಿಕೊಂಡ ಹೆಂಗಸೊಬ್ಬರದು. ಅದರಲ್ಲಿ ಚಿನ್ನದ ಹಲ್ಲು ಇನ್ನೂ ಇದೆ. ಒಳಗೆ ಹತ್ತು ನಿಮಿಷ ಸುಮ್ಮನೆ ನಿಂತು ಹಣೆಬರಹಗಳನ್ನು ಓದಿ. ಒಂದೇ ಮನೆತನದ ಹೆಸರು ಸಾಲಾಗಿ ಬರುವುದು ಆಗ ಕಣ್ಣಿಗೆ ಬೀಳುತ್ತದೆ.

ಬೆಳಗಿನ ಫೋಟೋಕ್ಕೆ ದೋಣಿಕಟ್ಟೆಯಲ್ಲಿ ಸರೋವರಕ್ಕೆ ಬೆನ್ನು ಹಾಕಿ ನಿಂತು ಬಲಕ್ಕೆ, ಅಂದರೆ ಉತ್ತರಕ್ಕೆ, ಐದಾರು ನಿಮಿಷ ನಡೆಯಿರಿ. ರಸ್ತೆ ತಿರುಗುವಲ್ಲಿ ಹಿಂದಿರುಗಿ ನೋಡಿದರೆ ಚೂಪು ಗೋಪುರದ ಚರ್ಚು, ನೀರು, ಹಿಂದೆ ಬೆಟ್ಟ, ಎಲ್ಲವೂ ಒಂದೇ ಚೌಕಟ್ಟಿಗೆ ಬರುತ್ತವೆ. ಗಾಳಿ ಏಳುವ ಮೊದಲು ಹೋದರೆ ನೀರಿನಲ್ಲಿ ಪ್ರತಿಬಿಂಬವೂ ಸಿಗುತ್ತದೆ. ಆ ತಿರುವಿನ ಸುತ್ತಮುತ್ತ ಇರುವುದು ಜನ ಸಂಸಾರ ಮಾಡುವ ಮನೆಗಳು. 2023ರಲ್ಲಿ ಗಲಾಟೆ ತಾಳಲಾಗದೆ ಅಲ್ಲಿ ಮರದ ಹಲಗೆಯ ಅಡ್ಡಗೋಡೆಯನ್ನೇ ಹಾಕಿದ್ದರು, ಆಮೇಲೆ ತೆಗೆದರು. ಮೆಲ್ಲಗೆ ಮಾತಾಡಿ, ಡ್ರೋನ್ ಹಾರಿಸಬೇಡಿ, ತೆರೆದ ಗೇಟು ಕಂಡರೆ ಒಳಗೆ ಹೋಗಬೇಡಿ.

ಒಂಬತ್ತರ ಹೊತ್ತಿಗೆ ಉಪ್ಪಿನ ಗಣಿಗೆ ಹೊರಡಿ. ದೋಣಿಕಟ್ಟೆಯಿಂದ ಎಡಕ್ಕೆ ಹದಿನೈದು ನಿಮಿಷ ನಡೆದರೆ ಲಾನ್ ಎಂಬ ಭಾಗ, ಅಲ್ಲಿಂದ ಬೆಟ್ಟ ಹತ್ತುವ ಕೇಬಲ್ ರೈಲು. ದುರಸ್ತಿ-ನವೀಕರಣಕ್ಕೆಂದು ಅದನ್ನೂ ಗಣಿಯನ್ನೂ ತಿಂಗಳುಗಟ್ಟಲೆ ಮುಚ್ಚುವುದುಂಟು, ಆದ್ದರಿಂದ ಕೋಣೆ ಕಾಯ್ದಿರಿಸುವ ಮೊದಲೇ ಗಣಿಯ ವೆಬ್‌ಸೈಟ್ ನೋಡಿ. ಮೇಲೆ 350 ಮೀಟರ್ ಎತ್ತರದಲ್ಲಿ ಹೊರಚಾಚಿದ ಕಟ್ಟೆಯಿಂದ ಇಡೀ ಸರೋವರ ಕಾಣುತ್ತದೆ. ಅಲ್ಲಿಂದ ಗಣಿಯ ಬಾಯಿಗೆ ಏರುದಾರಿಯಲ್ಲಿ ಸುಮಾರು ಕಾಲು ತಾಸು ನಡೆಯಬೇಕು. ಹೋಗಿಬರಲು ಒಟ್ಟು ಮೂರು ತಾಸು ಇಟ್ಟುಕೊಳ್ಳಿ. ಒಳಗೆ ವರ್ಷವಿಡೀ 8 ಡಿಗ್ರಿ, ಜುಲೈನಲ್ಲೂ ಸ್ವೆಟರ್ ಬೇಕು. ಬಟ್ಟೆಯ ಮೇಲೆ ಹಾಕಿಕೊಳ್ಳಲು ಗಣಿಯ ಉಡುಪು ಕೊಡುತ್ತಾರೆ. ಸೀರೆ, ಉದ್ದನೆಯ ಲಂಗದಲ್ಲಿ ಅದು ಆಗುವುದಿಲ್ಲ, ಪ್ಯಾಂಟು ಹಾಕಿಕೊಂಡು ಬನ್ನಿ. ಪಾದ ಮುಚ್ಚುವ ಶೂ ಇರಲಿ. ನಾಲ್ಕು ವರ್ಷದೊಳಗಿನ ಮಕ್ಕಳನ್ನು ಒಳಗೆ ಬಿಡುವುದಿಲ್ಲ.

ಗಣಿಕೆಲಸಗಾರರು ಇಳಿಯುತ್ತಿದ್ದಂತೆಯೇ ಮರದ ಜಾರುದಿಮ್ಮಿಯ ಮೇಲೆ ಕೂತು ಜಾರುತ್ತೀರಿ, ದೊಡ್ಡದು 64 ಮೀಟರ್ ಉದ್ದವಿದೆ. ಹಿಂದಕ್ಕೆ ವಾಲಿ, ಕಾಲು ಮೇಲೆತ್ತಿ, ಕೈ ಮೈಗೆ ಒತ್ತಿಕೊಳ್ಳಿ. ಕೈ ಚಾಚಿ ಹಿಡಿದುಕೊಳ್ಳಲು ಹೋದರೆ ಅಂಗೈ ಉಜ್ಜಿಹೋಗುತ್ತದೆ. ಬೇಡವೆನಿಸಿದರೆ ಪಕ್ಕದಲ್ಲೇ ಮೆಟ್ಟಿಲಿದೆ, ಮಂಡಿನೋವಿರುವವರು ಸಂಕೋಚವಿಲ್ಲದೆ ಅದನ್ನೇ ಹಿಡಿಯಿರಿ. ಒಳಗೆ ಬಿಡದೆ ನೋಡಬೇಕಾದ್ದು ಕ್ರಿ.ಪೂ. 14ನೇ ಶತಮಾನದ ಮರದ ಮೆಟ್ಟಿಲು. ಉಪ್ಪು ತೇವವನ್ನೂ ಕೊಳೆಸುವ ಜೀವಿಗಳನ್ನೂ ಹತ್ತಿರ ಬಿಡದ ಕಾರಣ ಮೂರು ಸಾವಿರ ವರ್ಷದ ಮರ ಮರವಾಗಿಯೇ ಉಳಿದಿದೆ. 1734ರಲ್ಲಿ ಇದೇ ಗಣಿಯಲ್ಲಿ ಉಪ್ಪಿನಲ್ಲಿ ಹುದುಗಿಹೋಗಿದ್ದ ಪ್ರಾಚೀನ ಗಣಿಗಾರನೊಬ್ಬನ ದೇಹ ಸಿಕ್ಕಿತ್ತು. ಮೇಲಿನ ಕಣಿವೆಯಲ್ಲಿ ರಾಮ್‌ಸಾವರ್ ಎಂಬ ಗಣಿ ಅಧಿಕಾರಿ 1846ರಿಂದ 1863ರವರೆಗೆ ಸುಮಾರು 980 ಸಮಾಧಿಗಳನ್ನು ತೆಗೆಸಿದರು. ಯೂರೋಪಿನ ಆರಂಭಿಕ ಕಬ್ಬಿಣಯುಗಕ್ಕೆ 'ಹಾಲ್‌ಸ್ಟಾಟ್ ಸಂಸ್ಕೃತಿ' ಎಂಬ ಹೆಸರು ಬಂದಿದ್ದು ಅಲ್ಲಿಂದ. ಚೆಂದದ ಮನೆಗಳಿಗಿಂತ ಈ ಉಪ್ಪೇ ಊರಿನ ಅಸಲು ಕಥೆ. 1997ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ್ದೂ ಸುತ್ತಲ ಡಾಖ್‌ಸ್ಟೈನ್ ಬೆಟ್ಟಸಾಲಿನ ಜೊತೆಗೆ.

ಎರಡನೇ ರಾತ್ರಿ ಇದ್ದರೆ ಓಬರ್‌ಟ್ರಾವ್ನ್‌ನಿಂದ ಕ್ರಿಪ್ಪೆನ್‌ಸ್ಟೈನ್ ರೋಪ್‌ವೇ ಹತ್ತಬಹುದು. ಮೊದಲ ಹಂತದಲ್ಲಿ ಇಳಿದರೆ ಹಿಮಗುಹೆ, ಎರಡನೆಯದರಲ್ಲಿ ಐದು ಬೆರಳಿನಂತೆ ಚಾಚಿದ ವೀಕ್ಷಣಾಕಟ್ಟೆ. ಬೆಳಿಗ್ಗೆ ವೆಬ್‌ಕ್ಯಾಮ್ ನೋಡಿ, ಮೋಡ ಮುಚ್ಚಿದ್ದರೆ ದುಡ್ಡು ಉಳಿಸಿ.

ಸಸ್ಯಾಹಾರಿಗಳು ಒಂದೆರಡು ಪದ ಕಲಿತುಕೊಳ್ಳಿ. 'ಓನೆ ಫ್ಲೈಶ್' ಎಂದರೆ ಮಾಂಸ ಬೇಡ, 'ಓನೆ ಶ್ಪೆಕ್' ಎಂದರೆ ಹಂದಿಮಾಂಸದ ತುಣುಕು ಬೇಡ. ಬೇಯಿಸಿದ ಹಿಟ್ಟಿನ ಸಣ್ಣ ಉಂಡೆಗಳಿಗೆ ಚೀಸ್ ಹಾಕಿದ ಕಾಸ್‌ನೊಕೆನ್ ಹೊಟ್ಟೆ ತುಂಬಿಸುತ್ತದೆ, ಆದರೆ ಕೆಲವೆಡೆ ಅದರ ಮೇಲೆ ಶ್ಪೆಕ್ ಉದುರಿಸುತ್ತಾರೆ. ದೋಸೆಯ ಪಟ್ಟಿಗಳಂತೆ ಕಾಣುವ ಫ್ರಿಟಾಟೆನ್ ಸೂಪು ನೋಡಲು ನಿರಪಾಯ, ಅದರ ಸಾರು ಮಾತ್ರ ದನದ ಎಲುಬಿನದು. ದಪ್ಪ ಸಿಹಿ ದೋಸೆಯನ್ನು ಚೂರು ಮಾಡಿ ಕೊಡುವ ಕೈಸರ್‌ಶ್ಮಾರ್ನ್‌ನಲ್ಲಿ ಮೊಟ್ಟೆ ಇದ್ದೇ ಇರುತ್ತದೆ. ಭಾನುವಾರ ದಿನಸಿ ಅಂಗಡಿ ಮುಚ್ಚಿರುತ್ತದೆ, ಶನಿವಾರವೇ ಬ್ರೆಡ್ಡು, ಮೊಸರು, ಹಣ್ಣು ತೆಗೆದಿಡಿ. ಮನೆಯಿಂದ ಅವಲಕ್ಕಿ, ಚಟ್ನಿಪುಡಿ, ಪುಳಿಯೋಗರೆ ಪುಡಿ ಒಯ್ಯಬಹುದು. ತುಪ್ಪ, ಖೋವಾ, ಹಸಿ ಕರಿಬೇವು ಬೇಡ. ಹಾಲಿನ ಪದಾರ್ಥ ಮತ್ತು ಹಸಿ ಸೊಪ್ಪನ್ನು ಹೊರಗಿನಿಂದ ತರಲು ಯೂರೋಪ್ ಒಕ್ಕೂಟ ಬಿಡುವುದಿಲ್ಲ. ನೀರಿನ ಬಾಟಲಿ ಕೊಳ್ಳಬೇಡಿ, ನಲ್ಲಿ ನೀರು ಸೊಗಸಾಗಿದೆ.

ವಾಪಸ್ ಹೊರಡುವಾಗ ರೈಲಿನ ಹೊತ್ತಲ್ಲ, ಅದಕ್ಕೆ ಜೋಡಿಸಿದ ದೋಣಿಯ ಹೊತ್ತನ್ನು ನೆನಪಿಟ್ಟುಕೊಳ್ಳಿ. ಮುಂದೆ ಗ್ರಾಜ್ ಕಡೆ ಹೋಗುವವರು ಅಟ್ನಾಂಗ್‌ಗೆ ಹಿಂದಿರುಗಬೇಕಿಲ್ಲ. ಅದೇ ಮಾರ್ಗದಲ್ಲಿ ದಕ್ಷಿಣಕ್ಕೆ ಬಾಡ್ ಆವ್ಸೇ ದಾಟಿ ಸ್ಟೈನಾಖ್-ಇರ್ಡ್‌ನಿಂಗ್‌ನಲ್ಲಿ ರೈಲು ಬದಲಿಸಬಹುದು.