ಹೊಸ ವಾಲ್ವ್ ಬೇಗ ಕೆಡದಂತೆ ಹಾಕುವುದು ಹೇಗೆ?

ವಾಲ್ವ್ ಆಂಪ್ಲಿಫೈಯರಿಗೆ ನಾಲ್ಕು ಹೊಸ ಇಎಲ್34, ಅಂದರೆ ಸ್ಪೀಕರ್ ನಡೆಸುವ ದೊಡ್ಡ ಪವರ್ ವಾಲ್ವ್, ತರುವುದು, ಹಳೆಯವನ್ನು ಕೀಳುವುದು, ಹೊಸವನ್ನು ಒತ್ತಿ ಕೂರಿಸಿ ಹಾಡು ಹಾಕುವುದು. ಹೀಗೆ ಮಾಡಿದವರನ್ನು ನಾನು ಬಹಳ ನೋಡಿದ್ದೇನೆ. ಮೂರು ತಿಂಗಳಿಗೆ ಒಂದು ವಾಲ್ವ್ ಒಳಗೇ ಕೆಂಪಗೆ ಕಾಯ್ದು ಫ್ಯೂಸ್ ಹೋಗುತ್ತದೆ. ಆಮೇಲೆ ಎಲ್ಲರದ್ದೂ ಒಂದೇ ಮಾತು: 'ಈಗಿನ ವಾಲ್ವ್ ಸರಿ ಇಲ್ಲ. ಹಿಂದೆ ನಮ್ಮ ಬಿಇಎಲ್ ಮಾಡುತ್ತಿದ್ದದ್ದೇ ವಾಲ್ವ್!' ಬೆಂಗಳೂರಿನಲ್ಲೇ ತಯಾರಾದ ಆ ವಾಲ್ವ್‌ಗಳ ಮೇಲೆ ನನಗೂ ತುಂಬ ಅಕ್ಕರೆ. ಆದರೆ ಬಯಾಸ್, ಅಂದರೆ ಹಾಡು ಇಲ್ಲದಾಗಲೂ ವಾಲ್ವಿನಲ್ಲಿ ಹರಿಯುವ ಕರೆಂಟಿನ ಹೊಂದಾಣಿಕೆ, ನೋಡದೆ ಹಾಕಿದರೆ ಅವೂ ಬಾಳುತ್ತಿರಲಿಲ್ಲ.

ಪವರ್ ವಾಲ್ವ್ 2000 ಗಂಟೆ ಬಾಳಿದರೂ, ದಿನಕ್ಕೆ 2 ಗಂಟೆ ಕೇಳುವವರಿಗೆ ಎರಡೂವರೆ ವರ್ಷ ದಾಟುತ್ತದೆ. ಇಸಿಸಿ83ಯಂಥ ಸಣ್ಣ ವಾಲ್ವ್ ಇದಕ್ಕಿಂತ ಎಷ್ಟೋ ಜಾಸ್ತಿ ಬರುತ್ತದೆ. ಪವರ್ ವಾಲ್ವ್ ಬದಲಿಸುವಾಗ ಅವನ್ನೂ ಸುಮ್ನೆ ಬದಲಿಸಬೇಡಿ.

ಕೊಳ್ಳುವುದು. ಇವತ್ತಿನ ಹೊಸ ವಾಲ್ವ್‌ಗಳಲ್ಲಿ ಹೆಚ್ಚಿನವು ರಷ್ಯಾದ ಸರಾತೊವ್, ಸ್ಲೊವಾಕಿಯಾದ ಜೆಜೆ ಮತ್ತು ಚೀನಾದ ಕಾರ್ಖಾನೆಗಳಿಂದ ಬರುತ್ತವೆ. ಮುಲ್ಲಾರ್ಡ್ ಅನ್ನುವ ಹಳೆಯ ಬ್ರಿಟಿಷ್ ಹೆಸರು ಈಗ ಸರಾತೊವ್‌ನ ವಾಲ್ವ್ ಮೇಲೆ ಇರುತ್ತದೆ. ಹೆಸರಿಗೆ ದುಡ್ಡು ಸುರಿಯಬೇಡಿ, ಅಳೆದು ಜೋಡಿ ಮಾಡಿದ ಸೆಟ್ ಕೇಳಿ. ಗಾಜಿನ ಒಳಗೆ ಬೆಳ್ಳಿ ಬಳಿದಂತೆ ಹೊಳಪಿರಬೇಕು. ಅದು ಹಾಲಿನಂತೆ ಬೆಳ್ಳಗಾಗಿದ್ದರೆ ಒಳಗೆ ಗಾಳಿ ಹೊಕ್ಕಿದೆ, ವಾಪಸ್ ಕೊಡಿ. ವಾಲ್ವಿಗೆ ತೊಡಿಸುವ ರಬ್ಬರ್ ಉಂಗುರ, ಶಾಖ ಇಳಿಸುತ್ತದೆ ಎಂದು ಮಾರುವ ಕವಚ ಯಾವುದೂ ಬೇಡ.

ಮನೆಯ ಕರೆಂಟ್. ಇಎಲ್34ರ ಹೀಟರಿಗೆ, ಅಂದರೆ ಒಳಗೆ ಕೆಂಪಗೆ ಉರಿಯುವ ತಂತಿಗೆ, 6.3 ವೋಲ್ಟ್ ಬೇಕು. 220 ವೋಲ್ಟಿಗೆ ಮಾಡಿದ ಹಳೆಯ ಆಂಪ್ಲಿಫೈಯರಿಗೆ 250 ಬಂದರೆ ಹೀಟರಿಗೆ 7 ದಾಟುತ್ತದೆ, ಅದು ಕಾಯಿಸುವ ಕ್ಯಾಥೋಡಿನ (ಎಲೆಕ್ಟ್ರಾನ್ ಹೊರಡಿಸುವ ಭಾಗ) ಲೇಪ ಬೇಗ ಸವೆಯುತ್ತದೆ. ಕೆಳಗಿನ ಎಚ್ಚರಿಕೆ ಓದಿ, ಬಯಾಸ್ ಇಟ್ಟು ವಾಲ್ವ್ ಹಾಕಿದ ಮೇಲೆ 2 ಮತ್ತು 7ನೇ ಪಿನ್‌ಗಳ ನಡುವೆ ಎಸಿ ಅಳೆಯಿರಿ. 6.0ರಿಂದ 6.6ರ ಒಳಗಿದ್ದರೆ ಸರಿ. ಜಾಸ್ತಿ ಇದ್ದರೆ ಒಳ್ಳೆಯ ಸ್ಟೆಬಿಲೈಸರ್ ಇಡಿ.

ಬಯಾಸ್. ಎಲ್ಲರೂ ಎಡವುವ ಜಾಗ ಇದು. ತಾನೇ ಹೊಂದಿಕೊಳ್ಳುವ ಕ್ಯಾಥೋಡ್ ಬಯಾಸ್ ಇರುವ ಆಂಪ್ಲಿಫೈಯರಿನಲ್ಲಿ ತಿರುಗಿಸಲು ಏನೂ ಇರುವುದಿಲ್ಲ. ನಾನು ಹೇಳುತ್ತಿರುವುದು ಪ್ರಿಸೆಟ್ (ಬಯಾಸ್ ಹೊಂದಿಸಲು ತಿರುಗಿಸುವ ಸಣ್ಣ ಕಂಟ್ರೋಲ್) ಇರುವ ಫಿಕ್ಸೆಡ್ ಬಯಾಸ್ ಆಂಪ್ಲಿಫೈಯರ್ ಬಗ್ಗೆ.

ಮೊದಲು ಎಚ್ಚರಿಕೆ. ಒಳಗೆ 450 ವೋಲ್ಟ್ ಡಿಸಿ ಇರುತ್ತದೆ, ಸ್ವಿಚ್ ಆಫ್ ಮಾಡಿದ ಮೇಲೂ ಕಂಡೆನ್ಸರ್‌ಗಳಲ್ಲಿ ಉಳಿದಿರುತ್ತದೆ. ಅದು ಪ್ರಾಣ ತೆಗೆಯುವಷ್ಟು ಶಕ್ತಿ. ತೆರೆದ ಆಂಪ್ಲಿಫೈಯರಿನಲ್ಲಿ ಕೆಲಸ ಮಾಡಿ ಅಭ್ಯಾಸ ಇಲ್ಲದವರು ಬಲ್ಲ ಮೆಕ್ಯಾನಿಕ್ ಕೈಗೆ ಕೊಡಿ, ಇದನ್ನು ಓದಿ ಹೇಳಿ ಅಷ್ಟೇ. ಮಾಡುವವರು ಒಂದು ಕೈ ಹಿಂದೆ ಇಟ್ಟುಕೊಳ್ಳಿ. ಸ್ಪೀಕರ್ ಜೋಡಿಸದೆ ಆನ್ ಮಾಡಲೇಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟೀತು.

ಪವರ್ ವಾಲ್ವ್‌ಗಳನ್ನು ಹಾಕುವ ಮೊದಲೇ, ಸಣ್ಣ ವಾಲ್ವ್‌ಗಳನ್ನು ಅಲ್ಲೇ ಬಿಟ್ಟು ಆನ್ ಮಾಡಿ. ಒಂದು ನಿಮಿಷ ಕಾಯಿರಿ. ಪ್ರತಿ ಸಾಕೆಟ್ಟಿನ 5ನೇ ಪಿನ್ನಿನಲ್ಲಿ ಮೈನಸ್ ವೋಲ್ಟ್ ಇರಬೇಕು, ಸಾಮಾನ್ಯವಾಗಿ ಮೈನಸ್ 35ರಿಂದ 45ರ ಹತ್ತಿರ. ಒಂದು ಸಾಕೆಟ್ಟಿನಲ್ಲಿ ಮಾತ್ರ ಕಡಿಮೆ ತೋರಿಸಿದರೆ ಅಲ್ಲಿಗೆ ಹಾಡಿನ ಸಿಗ್ನಲ್ ತರುವ ಕಪ್ಲಿಂಗ್ ಕಂಡೆನ್ಸರ್ ಸೋರುತ್ತಿರುವ ಅನುಮಾನ ಮೊದಲು. ಅದನ್ನು ಬದಲಿಸದೆ ಎಂಥ ವಾಲ್ವ್ ಹಾಕಿದರೂ ಕೆಂಪಾಗುತ್ತದೆ. ಈಗ ಮೈನಸ್ ಆದಷ್ಟು ಹೆಚ್ಚಾಗುವ ಕಡೆಗೆ ಪ್ರಿಸೆಟ್ ತಿರುಗಿಸಿ, ಬೇಗ ಆಫ್ ಮಾಡಿ. ವಾಲ್ವ್ ಇಲ್ಲದಾಗ ಹೈ ವೋಲ್ಟೇಜ್ ಏರುವುದರಿಂದ ತುಂಬ ಹೊತ್ತು ಹಾಗೆ ಬಿಡಬಾರದು.

ಇನ್ನು ಲೆಕ್ಕ. ಇಎಲ್34ರ ಪ್ಲೇಟ್, ಅಂದರೆ ಗಾಜಿನ ಒಳಗಿನ ಬೂದು ಲೋಹದ ಭಾಗ, ತಡೆಯುವುದು 25 ವಾಟ್. ಹಲವರು ಅದರ ಶೇ 70ಕ್ಕೆ ಇಡುತ್ತಾರೆ. ನಾನು ಶೇ 60 ದಾಟುವುದಿಲ್ಲ, ನೀವೂ ದಾಟಬೇಡಿ. ಕಿವಿಗೆ ವ್ಯತ್ಯಾಸ ಗೊತ್ತಾಗುವುದು ಕಷ್ಟ, ವಾಲ್ವಿಗೆ ಗೊತ್ತಾಗುತ್ತದೆ. 25ರ ಶೇ 60 ಅಂದರೆ 15 ವಾಟ್. ಪ್ಲೇಟಿನಲ್ಲಿ, ಅಂದರೆ 3ನೇ ಪಿನ್ನಿನಲ್ಲಿ, 450 ವೋಲ್ಟ್ ಇದ್ದರೆ 15ನ್ನು 450ರಿಂದ ಭಾಗಿಸಿ: ಸುಮಾರು 33 ಮಿಲಿಆಂಪ್. ಕ್ಯಾಥೋಡ್ ಮತ್ತು ಗ್ರೌಂಡ್ ನಡುವೆ 1 ಓಮ್ ರೆಸಿಸ್ಟರ್ ಇದ್ದರೆ ಮೀಟರಿನಲ್ಲಿ 33 ಮಿಲಿವೋಲ್ಟ್ ಕಾಣುತ್ತದೆ. ರೆಸಿಸ್ಟರ್ ಇಲ್ಲದಿದ್ದರೆ ಮೆಕ್ಯಾನಿಕ್ ಹತ್ತಿರ ಹಾಕಿಸಿಕೊಳ್ಳಿ, ಕೆಲವೇ ರೂಪಾಯಿಯ ಸಾಮಾನು.

ವಾಲ್ವ್ ಹಾಕಿ, ವಾಲ್ಯೂಮ್ ಪೂರ್ತಿ ಇಳಿಸಿ, ಆನ್ ಮಾಡಿ. ಐದು ನಿಮಿಷ ಬಿಟ್ಟು ಪ್ರಿಸೆಟ್ ತಿರುಗಿಸಿ 20 ಮಿಲಿವೋಲ್ಟಿಗೆ ತನ್ನಿ. ನಿಧಾನ. ಬಯಾಸ್ ಕರೆಂಟ್ ಏರಿದಂತೆ ಪ್ಲೇಟ್ ವೋಲ್ಟ್ ಇಳಿಯುತ್ತದೆ, ಆಗ ಲೆಕ್ಕವೂ ಸ್ವಲ್ಪ ಬದಲಾಗುತ್ತದೆ. ಅರ್ಧ ಗಂಟೆ ಬಿಸಿಯಾದ ಮೇಲೆ 33ಕ್ಕೆ ನಿಲ್ಲಿಸಿ. ದೀಪ ಆರಿಸಿ ನೋಡಿ. ಗಾಜಿನ ಮೇಲೆ ತಣ್ಣಗಿನ ನೀಲಿ ಹೊಳಪು ಕಂಡರೆ ಹೆದರಬೇಡಿ. ಬೂದು ಪ್ಲೇಟ್ ಕೆಂಪಾದರೆ ಆ ಕ್ಷಣವೇ ಆಫ್ ಮಾಡಿ.

ಬಳಸುವಾಗ. ಸುತ್ತ ಗಾಳಿ ಆಡಲಿ, ಶೋಕೇಸಿನ ಒಳಗೆ ತುರುಕಬೇಡಿ. ಊಟಕ್ಕೆ ಎದ್ದಾಗಲೆಲ್ಲ ಆಫ್ ಮಾಡಬೇಡಿ, ಇಡೀ ದಿನ ಸುಮ್ನೆ ಉರಿಸಲೂ ಬೇಡಿ.

ಮತ್ತೆ ಅಳೆಯುವುದು. ಹೊಸ ವಾಲ್ವಿನ ಬಯಾಸ್ ಮೊದಲ ಕೆಲವು ದಿನ ಅಲುಗಾಡುತ್ತದೆ. ಮಾರನೆಯ ದಿನ ಒಮ್ಮೆ, ಸುಮಾರು 20 ಗಂಟೆ ಆದ ಮೇಲೆ ಒಮ್ಮೆ, ಆಮೇಲೆ ಆರು ತಿಂಗಳಿಗೊಮ್ಮೆ ನೋಡಿ, ನೋಟ್‌ಬುಕ್ಕಿನಲ್ಲಿ ಬರೆದಿಡಿ. ಒಂದು ಸಾಕೆಟ್ಟಿನಲ್ಲಿ ಮಾತ್ರ ಮತ್ತೆ ಮತ್ತೆ ಏರುತ್ತಿದ್ದರೆ, ಆ ವಾಲ್ವನ್ನು ಪಕ್ಕದ ಸಾಕೆಟ್ಟಿಗೆ ಹಾಕಿ ನೋಡಿ. ತೊಂದರೆ ಅದರ ಹಿಂದೆಯೇ ಹೋದರೆ ವಾಲ್ವ್ ಕೆಟ್ಟಿದೆ. ಹಳೆಯ ಜಾಗದಲ್ಲೇ ಉಳಿದರೆ ಕಂಡೆನ್ಸರ್ ನೋಡಿಸಿ.