ಜರ್ಮನಿಯಲ್ಲಿ ಬ್ಯಾಗ್ ಕಳೆದರೆ ಸಿಗಬಹುದು, ಮನೆ ಕೀ ಕಳೆದರೆ ಹುಷಾರು

ಹೊಸದಾಗಿ ಜರ್ಮನಿಗೆ ಬಂದ ಕನ್ನಡಿಗರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: "ಟ್ರೈನಲ್ಲಿ ಬ್ಯಾಗ್ ಬಿಟ್ಟು ಬಂದೆ, ಪೊಲೀಸ್ ಕಂಪ್ಲೇಂಟ್ ಕೊಡಬೇಕಾ?" ಊರಿನ ಅಭ್ಯಾಸ ಅದು. ಇಲ್ಲಿ ಯಾರಾದರೂ ಕದ್ದಿದ್ದರೆ ಪೊಲೀಸ್. ಪಾಸ್‌ಪೋರ್ಟ್, ರೆಸಿಡೆನ್ಸ್ ಕಾರ್ಡ್ ಕಳೆದರೂ ಪೊಲೀಸ್. ಉಳಿದದ್ದಕ್ಕೆಲ್ಲ ಫುಂಡ್‌ಬ್ಯೂರೋ. ಬೇರೆಯವರಿಗೆ ಸಿಕ್ಕಿದ ವಸ್ತುಗಳನ್ನು ಜೋಪಾನವಾಗಿ ಇಟ್ಟುಕೊಳ್ಳುವ ಕಚೇರಿ ಅದು.

ಒಂದೇ ಊರಲ್ಲಿ ಇಂಥ ಕಚೇರಿ ಎರಡು ಮೂರು ಇರಬಹುದು, ಒಂದರ ಸುದ್ದಿ ಇನ್ನೊಂದಕ್ಕೆ ಗೊತ್ತಿರುವುದಿಲ್ಲ. ಬರ್ಲಿನ್ ನೋಡಿ. ರಸ್ತೆಯಲ್ಲಿ ಸಿಕ್ಕಿದ್ದು ನಗರದ ಫುಂಡ್‌ಬ್ಯೂರೋಗೆ ಹೋಗುತ್ತದೆ. ಮೆಟ್ರೋ, ಟ್ರಾಮ್, ಬಸ್ಸಿನಲ್ಲಿ ಬಿಟ್ಟದ್ದು ಬಿವಿಜಿ ಸಂಸ್ಥೆಯ ಕಚೇರಿಗೆ. ಎಸ್-ಬಾನ್ ಅನ್ನುವ ಲೋಕಲ್ ಟ್ರೈನಲ್ಲಿ ಬಿಟ್ಟದ್ದು ಡಾಯ್ಚ ಬಾನ್ ರೈಲ್ವೆಯವರ ಹತ್ತಿರ. ರೈಲ್ವೆಯವರು ಕೆಲವು ದಿನ ಕಾದು, ಯಾರೂ ಕೇಳದ ವಸ್ತುಗಳನ್ನು ವುಪ್ಪರ್ಟಾಲ್ ಊರಿನ ದೊಡ್ಡ ಕಚೇರಿಗೆ ಕಳಿಸುತ್ತಾರೆ. ಹಾಗಾಗಿ ಯಾವ ಗಾಡಿ, ಯಾವ ಸ್ಟೇಷನ್, ಎಷ್ಟು ಹೊತ್ತಿಗೆ ಅಂತ ಆಗಲೇ ಬರೆದಿಟ್ಟುಕೊಳ್ಳಿ. ಬ್ಯಾಂಕ್ ಕಾರ್ಡ್ ಕಳೆದರೆ 116 116ಕ್ಕೆ ಫೋನ್ ಮಾಡಿ ಬ್ಲಾಕ್ ಮಾಡಿಸಿ. ಅಷ್ಟಕ್ಕೇ ಬಿಡಬೇಡಿ. ಜಿರೋಕಾರ್ಡ್ (girocard, ಇಲ್ಲಿನ ಬ್ಯಾಂಕುಗಳ ಡೆಬಿಟ್ ಕಾರ್ಡ್) ಆದರೆ ಬರೀ ಸಹಿ ಹಾಕಿಯೂ ಕೆಲವು ಅಂಗಡಿಗಳಲ್ಲಿ ಸಾಮಾನು ಕೊಳ್ಳಬಹುದು. ಅದನ್ನು ತಡೆಯಲು ಪೊಲೀಸರ ಹತ್ತಿರ ಹೋಗಿ "ಕೂನೋ" ಬ್ಲಾಕ್ ಹಾಕಿಸಬೇಕು.

ಈಗ ಕೀ ವಿಷಯಕ್ಕೆ ಬರುತ್ತೇನೆ. ನನ್ನ ಕಣ್ಣೆದುರೇ ನಮ್ಮವರು ಅತಿ ಹೆಚ್ಚು ದುಡ್ಡು ಕಳಕೊಂಡಿರುವುದು ಇದರಲ್ಲೇ.

ಇಲ್ಲಿನ ಎಷ್ಟೋ ಅಪಾರ್ಟ್‌ಮೆಂಟ್‌ಗಳಲ್ಲಿ ಶ್ಲೀಸ್‌ಆನ್‌ಲಾಗೆ ಅನ್ನುವ ವ್ಯವಸ್ಥೆ ಇದೆ. ನಿಮ್ಮ ಮನೆ, ಕೆಳಗಿನ ಮುಖ್ಯ ಬಾಗಿಲು, ನೆಲಮಾಳಿಗೆ, ಸೈಕಲ್ ನಿಲ್ಲಿಸುವ ಕೋಣೆ ಎಲ್ಲಕ್ಕೂ ಒಂದೇ ಕೀ. ಅದು ಕಳೆದರೆ ಭಯ ನಿಮ್ಮೊಬ್ಬರಿಗಲ್ಲ, ಕಟ್ಟಡದಲ್ಲಿರುವ ಎಲ್ಲರಿಗೂ. ಮಾಲೀಕರು ಅಷ್ಟೂ ಬೀಗ ಬದಲಾಯಿಸಿ ಖರ್ಚನ್ನು ನಿಮ್ಮ ಮೇಲೆ ಹಾಕಬಹುದು. ದೊಡ್ಡ ಕಟ್ಟಡವಾದರೆ ಸಾವಿರಾರು ಯೂರೋ.

ದಾವಣಗೆರೆ ಕಡೆಯ ಒಬ್ಬ ಹುಡುಗ ಕೀ ಮತ್ತು ರೆಸಿಡೆನ್ಸ್ ಕಾರ್ಡನ್ನು ಒಂದೇ ಪೌಚಿನಲ್ಲಿ ಇಟ್ಟಿದ್ದ. ಆ ಕಾರ್ಡಿನ ಹಿಂದೆ ಮನೆ ವಿಳಾಸ ಇರುತ್ತದೆ. ಪೌಚ್ ಕಳೆಯಿತು. ಬೈತಾರೆ ಅಂತ ಹೆದರಿ ಯಾರಿಗೂ ಹೇಳಲಿಲ್ಲ. ರೂಮ್‌ಮೇಟ್ ಕೀ ಇಸಕೊಂಡು ಡೂಪ್ಲಿಕೇಟ್ ಮಾಡಿಸಲು ಹೋದ. ಅಂಗಡಿಯವರು ಸೆಕ್ಯೂರಿಟಿ ಕಾರ್ಡ್ ಕೇಳಿದರು, ಅದಿಲ್ಲದೆ ಇಂಥ ಕೀ ಮಾಡಿಕೊಡುವುದಿಲ್ಲ. ಅದು ಇರುವುದು ಮಾಲೀಕರ ಹತ್ತಿರ. ಕೊನೆಗೆ ಹೇಳಲೇಬೇಕಾಯಿತು. ವಿಳಾಸವೂ ಕೀ ಜೊತೆಗೇ ಹೋಗಿದೆ ಅಂದಮೇಲೆ ಬೀಗ ಬದಲಾಯಿಸುವುದನ್ನು ಬೇಡ ಅನ್ನಲು ಅವನ ಹತ್ತಿರ ಮಾತೇ ಇರಲಿಲ್ಲ. ಇನ್ಶೂರೆನ್ಸೂ ಇರಲಿಲ್ಲ. ಮನೆಗೆ ಕೊಟ್ಟ ಅಡ್ವಾನ್ಸ್ ಪೂರ್ತಿ ಹೋಯಿತು, ಉಳಿದದ್ದನ್ನು ಕಂತಿನಲ್ಲಿ ಕಟ್ಟಿದ.

ಆದ್ದರಿಂದ ಕೀ ಕಳೆದ ದಿನವೇ ಮಾಲೀಕರಿಗೆ ಈಮೇಲ್ ಮಾಡಿ. ಮುಚ್ಚಿಟ್ಟರೆ ನಿಮ್ಮ ಮೇಲಿನ ಹೊಣೆ ಜಾಸ್ತಿಯಾಗುತ್ತದೆ. ಆದರೆ ಎಸ್ಟಿಮೇಟ್ ಕಳಿಸಿದ ತಕ್ಷಣ ದುಡ್ಡು ಕಟ್ಟಬೇಡಿ. ಬೀಗಗಳನ್ನು ನಿಜವಾಗಿ ಬದಲಾಯಿಸಿದರೆ ಮಾತ್ರ ಆ ಖರ್ಚು ಕೇಳಬಹುದು ಅಂತ ಇಲ್ಲಿನ ಸರ್ವೋಚ್ಚ ಸಿವಿಲ್ ನ್ಯಾಯಾಲಯ 2014ರಲ್ಲೇ ಹೇಳಿದೆ. ಕೆಲಸ ಮುಗಿದ ಬಿಲ್ ಕೇಳಿ. ನಿಮ್ಮ ತಪ್ಪಿಲ್ಲದೆ ಯಾರೋ ಕಿತ್ತುಕೊಂಡು ಹೋಗಿದ್ದರೆ ನೀವು ಕೊಡಬೇಕಾಗಿಲ್ಲ. ಸಂಶಯ ಬಂದರೆ ಬಾಡಿಗೆದಾರರ ಸಂಘ, ಮೀಟರ್‌ಫೆರೈನ್, ಸದಸ್ಯರಿಗೆ ಸಲಹೆ ಕೊಡುತ್ತದೆ.

ನಮ್ಮಿಂದ ಬೇರೆಯವರಿಗೆ ಆದ ನಷ್ಟ ತುಂಬಿಕೊಡುವ ಹಾಫ್ಟ್‌ಫ್ಲಿಷ್ಟ್ ಇನ್ಶೂರೆನ್ಸ್ ಮಾಡಿಸಿ ಅಂತ ಆಫೀಸಿನಲ್ಲಿ ಎಲ್ಲರೂ ಹೇಳುತ್ತಾರೆ. ಅದರಲ್ಲಿ ಬಾಡಿಗೆ ಮನೆಯ ಕೀ ಕಳೆದರೆ ದುಡ್ಡು ಕೊಡುತ್ತಾರಾ ಅಂತ ಓದಿ ನೋಡುವವರು ಕಡಿಮೆ. ಎಲ್ಲ ಪಾಲಿಸಿಯಲ್ಲೂ ಅದು ಇರುವುದಿಲ್ಲ. ಆಫೀಸಿನ ಕೀಗೂ ಅನ್ವಯಿಸುತ್ತದಾ ಅಂತ ಬೇರೆಯಾಗಿಯೇ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.

ನಮ್ಮೂರಲ್ಲಿ ಸಂತೆಬೀದಿಯ ಕೀ ಮಾಡುವವರು ಹತ್ತು ನಿಮಿಷದಲ್ಲಿ ಕೆಲಸ ಮುಗಿಸುತ್ತಾರೆ, ಹೆಚ್ಚೆಂದರೆ ಒಂದು ಹೊಸ ಬೀಗ ಕೊಳ್ಳಬೇಕು. ಈ ಒಂದು ವಿಷಯದಲ್ಲಿ ನಮ್ಮ ಕಡೆಯದೇ ಬಾಡಿಗೆದಾರರಿಗೆ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಸಿಕ್ಕಿದ್ದನ್ನು ಹಿಂದಿರುಗಿಸುವ ವಿಷಯದಲ್ಲಿ ಮಾತ್ರ ಜರ್ಮನಿಯೇ ಮೇಲು. 10 ಯೂರೋಗಿಂತ ಹೆಚ್ಚು ಬೆಲೆಯ ವಸ್ತು ಸಿಕ್ಕಿದರೆ ತಿಳಿಸಲೇಬೇಕು ಅಂತ ಕಾನೂನೇ ಇದೆ. ಸಾಮಾನ್ಯವಾಗಿ 500 ಯೂರೋವರೆಗಿನ ಬೆಲೆಗೆ ಶೇ. 5, ಅದರ ಮೇಲಿನದಕ್ಕೆ ಶೇ. 3 ಬಹುಮಾನ ಕೇಳುವ ಹಕ್ಕೂ ಸಿಕ್ಕಿದವರಿಗೆ ಇದೆ. ನಿಮ್ಮ ವಸ್ತು ತಂದುಕೊಟ್ಟವರು ಅದನ್ನು ಕೇಳಿದರೆ ಬೇಜಾರು ಮಾಡಿಕೊಳ್ಳಬೇಡಿ.

ದಾರಿಯಲ್ಲಿ ಬಿದ್ದ ಮಗುವಿನ ಶೂ, ಗ್ಲೌಸ್‌ಗಳನ್ನು ಇಲ್ಲಿನ ಜನ ಹತ್ತಿರದ ಬೇಲಿಗೆ ಸಿಕ್ಕಿಸಿ ಹೋಗುತ್ತಾರೆ. ನೀವೂ ಹಾಗೇ ಮಾಡಿ. ಕೀ ಸಿಕ್ಕಿದರೆ ಮಾತ್ರ ಬೇಲಿಗೆ ಬಿಡಬೇಡಿ, ಫುಂಡ್‌ಬ್ಯೂರೋಗೋ ಹತ್ತಿರದ ಪೊಲೀಸ್ ಠಾಣೆಗೋ ಅವತ್ತೇ ಕೊಟ್ಟುಬಿಡಿ.